ಅಪ್ಪನ ಕಾರ್ಟಿಸಾಲ್ ಟೆಸ್ಟ್ ಮಾಡಿಸೋಕೆ ಮೊದಲು

"ಅಪ್ಪ ಒಬ್ರೇ ಇರ್ತಾರೆ, ಸಿಕ್ಕಾಪಟ್ಟೆ ಟೆನ್ಷನ್ ಮಾಡ್ಕೋತಾರೆ. ಕಾರ್ಟಿಸಾಲ್ ಚೆಕ್ ಮಾಡಿಸ್ಲಾ?" ಈ ಪ್ರಶ್ನೆ ಈಗ ಮಾಮೂಲಿ. ಬೇಡ, ದುಡ್ಡು ಉಳಿಸಿಕೊಳ್ಳಿ.

ಕಾರ್ಟಿಸಾಲ್ ಅಂದರೆ ಟೆನ್ಷನ್ ಆದಾಗ ದೇಹದಲ್ಲಿ ಏರುವ ಹಾರ್ಮೋನ್. ಅದು ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಎದ್ದ 30-45 ನಿಮಿಷಕ್ಕೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತಾ ಮಧ್ಯರಾತ್ರಿ ಹೊತ್ತಿಗೆ ತಳಕ್ಕೆ ಬರುತ್ತದೆ. ಬೆಳಿಗ್ಗೆ 8ಕ್ಕೆ ತೆಗೆಯುವ ರಕ್ತ, ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿಯ ಕಾಯಿಲೆ ಹುಡುಕೋಕೆ ಸರಿ, ಒಂಟಿತನ ಅಳೆಯೋಕಲ್ಲ. ಸೂಜಿ ಕಂಡರೇ ಏರುವ ಹಾರ್ಮೋನ್ ಅದು! ಸಂಶೋಧಕರು ಬಾಯಲ್ಲಿ ಹತ್ತಿ ಇಡಿಸಿ ಜೊಲ್ಲು ತೆಗೆಯುತ್ತಾರೆ: ಎದ್ದ ತಕ್ಷಣ, ಅರ್ಧ ಗಂಟೆ ಬಿಟ್ಟು, ಮಲಗುವಾಗ, ಅದೂ ಒಂದಕ್ಕಿಂತ ಹೆಚ್ಚು ದಿನ. ಮೊದಲ ಹತ್ತಿಗೆ ಕಾಲು ಗಂಟೆ ತಡವಾದರೂ, ನಡುವೆ ಕಾಫಿ ಕುಡಿದರೂ ಲೆಕ್ಕ ಕೆಡುತ್ತದೆ. ಸ್ಟೆರಾಯ್ಡ್ ಮಾತ್ರೆ, ಉಬ್ಬಸದ ಇನ್‌ಹೇಲರ್, ಚರ್ಮದ ಮುಲಾಮು ಕೂಡ ಕೆಡಿಸಬಹುದು.

ವಯಸ್ಸಾದಂತೆ ರಾತ್ರಿಯ ಇಳಿತ ಮಂದವಾಗುತ್ತದೆ. 2006ರಲ್ಲಿ ಪ್ರಕಟವಾದ ಷಿಕಾಗೋ ಅಧ್ಯಯನದಲ್ಲಿ 50ರಿಂದ 68ರ ವಯಸ್ಸಿನವರನ್ನು ನೋಡಿದಾಗ, ಹಿಂದಿನ ದಿನ ಒಂಟಿ ಅನ್ನಿಸಿದವರಿಗೆ ಮರುದಿನ ಬೆಳಗಿನ ಏರಿಕೆ ಜಾಸ್ತಿ ಇತ್ತು. ಹಾಗಂತ ನೀವು ಅಪ್ಪನಿಗೆ ಫೋನ್ ಮಾಡಿದರೆ ಅವರ ಕಾರ್ಟಿಸಾಲ್ ಇಳಿಯುತ್ತೆ ಅಂತ ಇದರಿಂದ ಸಾಬೀತಾಗಲ್ಲ. ಆದರೂ ಭಾನುವಾರದ ಒಂದು ಗಂಟೆಗಿಂತ ದಿನಾ ಸಂಜೆ 7ಕ್ಕೆ, ತಪ್ಪದೆ, ಹತ್ತು ನಿಮಿಷ ಮಾತಾಡುವುದು ಮೇಲು ಅನ್ನೋದು ನನ್ನ ಅಭಿಪ್ರಾಯ.

"ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಅಂದರೆ ಹಾಜರಿ ಕೂಗಿದ ಹಾಗೆ, 40 ಸೆಕೆಂಡಲ್ಲಿ ಮುಗಿಯುತ್ತೆ. ಅದರ ಬದಲು, ಅಮ್ಮನಿಗೆ ಫೋನ್ ಮಾಡಿದ್ದರೆ, "ಅಮ್ಮಾ, ಬೋರ್ ನೀರಲ್ಲಿ ಬೇಳೆ ಬೇಯ್ತಾನೇ ಇಲ್ಲ" ಅನ್ನಿ. "ಅಯ್ಯೋ, ಕಾವೇರಿ ನೀರು ಹಿಡಿದಿಟ್ಕೋಬಾರ್ದೇನೇ? ರಾತ್ರಿನೇ ನೆನೆಹಾಕು" ಅಂತ ಶುರುವಾಗಿ ಮಾತು ಪಕ್ಕದ ಮನೆ ಮದುವೆವರೆಗೂ ಹೋಗುತ್ತದೆ.

ಫೋನ್ ಎತ್ತೋದೇ ಕಡಿಮೆ ಆಗಿದ್ದರೆ ಸಿಟ್ಟಾಗೋ ಮೊದಲು ಕಿವಿ ತೋರಿಸಿ. ಎಷ್ಟೋ ಸಲ ಬರೀ ಗುಗ್ಗೆ ಕಟ್ಟಿರುತ್ತೆ. ಕೇಳಿಸದವರು ಪಾರ್ಕಿನ ಹರಟೆಯಿಂದಲೂ ಮೆಲ್ಲಗೆ ಜಾರಿಕೊಳ್ಳುತ್ತಾರೆ; ಸಾಲಾಗಿ ಕೂತರೆ ತುಟಿ ಕಾಣಲ್ಲ, ಎದುರುಬದುರು ಕೂರಬೇಕು.

ಇನ್ನು, ಒಬ್ಬರೇ ಇರುವುದೂ ಒಂಟಿತನವೂ ಬೇರೆ ಬೇರೆ. ಬಸವನಗುಡಿಯ ಹಳೇ ಮನೆಯಲ್ಲಿ ಒಬ್ಬರೇ ಇರೋ ಅಜ್ಜಿಗೆ ಹೂವಿನವಳು, ಹಾಲಿನವನು, ಇಸ್ತ್ರಿ ಅಂಗಡಿಯವನು ದಿನಾ ಸಿಗುತ್ತಾರೆ. ಅವರನ್ನು ವೈಟ್‌ಫೀಲ್ಡಿನ ಹನ್ನೊಂದನೇ ಮಹಡಿಗೆ ಕರೆತಂದರೆ ಮನೆ ತುಂಬಾ ಜನ, ಕನ್ನಡ ಆಡೋಕೆ ಒಬ್ಬರಿಲ್ಲ. ಕರೆತರಲೇಬೇಕು ಅಂದರೆ ಮೊದಲ ವಾರದಲ್ಲೇ ಒಂದು ವಾಕಿಂಗ್ ಗುಂಪಿಗೆ ಸೇರಿಸಿ. ಒಂದು ದಿನ ಬರದಿದ್ದರೆ "ಯಾಕ್ರೀ ಬರ್ಲಿಲ್ಲ" ಅಂತ ಯಾರಾದರೂ ಕೇಳುವಂಥ ಗುಂಪಾಗಿರಲಿ.

ಎರಡು ವಾರ ನಿದ್ದೆ, ಊಟ, ಆಸಕ್ತಿ ಎಲ್ಲ ಕುಸಿದಿದ್ದರೆ ಅದು ಖಿನ್ನತೆ ಇರಬಹುದು. ಡಾಕ್ಟರ್ ಹತ್ತಿರ ಹೋಗಿ. ಯಾರ ಸಹಾಯ ಕೇಳೋದು ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ ಇದೆ, 14567. ಕರೆ ಉಚಿತ.