ಸೂರ್ಯನಿಗೂ ಆರ್‌ಆರ್ ನಂಬರ್ ಬೇಕಂತೆ

ಪಿಎಂ ಸೂರ್ಯ ಘರ್ ಜಾಹೀರಾತು ನೋಡದವರು ಯಾರಿದ್ದಾರೆ? 2024ರ ಫೆಬ್ರವರಿಯಿಂದ ಶುರುವಾದದ್ದು ಇನ್ನೂ ನಿಂತಿಲ್ಲ. ಚಾವಣಿ ಮೇಲೆ ಸೋಲಾರ್ ಹಾಕಿಸಿ, 78 ಸಾವಿರದವರೆಗೆ ಸಬ್ಸಿಡಿ ತಗೊಳ್ಳಿ. ಒಂದು ಕೋಟಿ ಮನೆಗಳಂತೆ, 75 ಸಾವಿರ ಕೋಟಿ ರೂಪಾಯಿಯಂತೆ.

ಶರಾವತಿ ಹಿನ್ನೀರಿನ ಆಚೆ ಇರುವ ನಮ್ಮ ಭಾವನಿಗೂ ಆಸೆ ಹುಟ್ಟಿತು. ಅವನ ಮನೆಗೆ ಕರೆಂಟ್ ಕಂಬ ಬಂದಿಲ್ಲ. ಕಾಡೊಳಗೆ ತಂತಿ ಎಳೆಯಲು ಒಪ್ಪಿಗೆ ಸಿಗಬೇಕು, ಅದು ಸಿಕ್ಕಿಲ್ಲ. ಕರೆಂಟ್ ಇಲ್ಲದವರಿಗೇ ಅಲ್ವಾ ಸೋಲಾರ್ ಬೇಕಿರೋದು ಅಂತ ಅವನ ಲೆಕ್ಕ. ಪಾಪ, ತೋಟದವನ ಲೆಕ್ಕ. ಪೇಟೆಗೆ ಹೋಗಿ ಅರ್ಜಿ ತುಂಬಲು ಕೂತರೆ ಶುರುವಿನಲ್ಲೇ ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೇಳಿತು.

‘ನಂಬರ್ ಹಾಕದೆ ಮುಂದೆ ಹೋಗಲ್ಲ ಅಣ್ಣಾ. ಪಕ್ಕದ ಮನೆಯವರದ್ದಾದ್ರೂ ಇದ್ಯಾ?’ ಅಂದ ಸೈಬರ್ ಸೆಂಟರಿನ ಹುಡುಗ. ಪಕ್ಕದ ಮನೆಯೂ ಕತ್ತಲೆಯೇ.

ಯೋಜನೆ ಮಾಡಿದವರ ಜಾಣತನ ಮೆಚ್ಚಲೇಬೇಕು. ಹಸಿದವರಿಗೆಲ್ಲಾ ಊಟ, ಒಳಗೆ ಬರುವಾಗ ಉಂಡ ಎಲೆ ತೋರಿಸಬೇಕು ಅಷ್ಟೇ.

ನಂಬರ್ ಇದ್ದವರೇನು ಸುಖವಾಗಿದ್ದಾರಾ ಅಂದರೆ ಅದೂ ಇಲ್ಲ. ಸಾಗರದಲ್ಲಿರುವ ಗೆಳೆಯನೊಬ್ಬ 3 ಕಿಲೋವ್ಯಾಟ್ ಹಾಕಿಸಿದ. ಬ್ಯಾಟರಿ ಇಲ್ಲ, ನೇರ ಗ್ರಿಡ್ಡಿಗೆ, ಅಂದರೆ ಊರಿನ ಕರೆಂಟ್ ಲೈನಿಗೆ ಜೋಡಿಸಿದ್ದು. ಮಟಮಟ ಮಧ್ಯಾಹ್ನ ಕರೆಂಟ್ ಹೋದರೆ ಅವನ ಸೋಲಾರೂ ನಿಲ್ಲುತ್ತದೆ. ತಲೆ ಮೇಲೆ ಸೂರ್ಯ ಧಗಧಗ ಅಂತಿರುತ್ತಾನೆ, ಕೆಳಗೆ ಫ್ಯಾನ್ ತಿರುಗಲ್ಲ. ಕಾರಣ ನ್ಯಾಯವಾದದ್ದೇ. ನಮ್ಮ ಚಾವಣಿಯ ಕರೆಂಟು ತಂತಿಗೆ ಹರಿದು, ರಿಪೇರಿಗೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಹೊಡೆಯಬಾರದು. ಆತ ನೂರು ವರ್ಷ ಬದುಕಲಿ. ಆದರೆ ಹಾಕಿಸುವ ದಿನ ಈ ಮಾತು ಯಾರ ಬಾಯಲ್ಲೂ ಬರಲಿಲ್ಲ. ‘ಕರೆಂಟ್ ಇದ್ದಾಗ ಮಾತ್ರ ಬರೋ ಕರೆಂಟು ನಮಗ್ಯಾಕ್ರೀ?’ ಅಂತ ಗೆಳೆಯನ ಹೆಂಡತಿ ಕೇಳಿದ್ದಾರೆ. ಅವನು ಇನ್ನೂ ಉತ್ತರ ಹುಡುಕುತ್ತಿದ್ದಾನೆ.

ನಮ್ಮ ರಾಜ್ಯ ಸರ್ಕಾರವೂ ಕಡಿಮೆಯಿಲ್ಲ. 2023ರಿಂದ ಗೃಹಜ್ಯೋತಿ, 200 ಯೂನಿಟ್‌ವರೆಗೆ ಬಿಲ್ ಸೊನ್ನೆ. ಭಾವನದು ಅದಕ್ಕಿಂತ ಮೊದಲೂ ಸೊನ್ನೆಯೇ.

ಇನ್ನು ಪಂಪ್‌ಸೆಟ್ ಕಥೆ ಕೇಳಿ. ಕುಸುಮ್-ಬಿ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಕೇಂದ್ರ 30 ಪರ್ಸೆಂಟ್, ರಾಜ್ಯ 50 ಪರ್ಸೆಂಟ್ ಕೊಡುತ್ತವೆ. ರೈತ ಹಾಕಬೇಕಾದ್ದು 20. ಟ್ರಾನ್ಸ್‌ಫಾರ್ಮರ್‌ನಿಂದ 500 ಮೀಟರಿಗಿಂತ ದೂರ ಇದ್ದರೆ ಸೋಲಾರೇ ಹಾಕಿಸಿಕೊಳ್ಳಿ ಅನ್ನುತ್ತಾರೆ. ಅಂದರೆ ಪಂಪು ದೂರ ಇದ್ದರೆ ಅದು ಅರ್ಹತೆ, ಮನೆ ದೂರ ಇದ್ದರೆ ಅನರ್ಹತೆ. ಭಾವನ ಹೆಂಡತಿ ಮಕ್ಕಳು ಬಾವಿಕಟ್ಟೆ ಪಕ್ಕದಲ್ಲಿ ಸಂಸಾರ ಹೂಡಿ, ನಾವೂ ಪಂಪ್‌ಸೆಟ್ಟೇ ಅಂತ ಬರೆದುಕೊಟ್ಟರೆ ಏನಾದರೂ ಆಗಬಹುದೇನೋ.

ಕೊನೆಗೆ ಭಾವ ಕೈಯಿಂದಲೇ ದುಡ್ಡು ಕೊಟ್ಟು ಸೋಲಾರ್ ಹಾಕಿಸಿದ. ಲಕ್ಷದ ಹತ್ತಿರ ಬಿತ್ತು. ಪ್ಯಾನೆಲ್‌ಗೆ ಜಿಎಸ್‌ಟಿ 5 ಪರ್ಸೆಂಟ್, ಬ್ಯಾಟರಿಗೆ 18. ಬ್ಯಾಟರಿಯದು 2025ರ ಸೆಪ್ಟೆಂಬರ್‌ನಲ್ಲಿ 28ರಿಂದ ಇಳಿದ ಮೇಲಿನ ಲೆಕ್ಕ ಇದು. ಹಗಲಿಗೆ ಐದು, ರಾತ್ರಿಗೆ ಹದಿನೆಂಟು.

ಜಗಲಿ ಮೂಲೆಯಲ್ಲಿ 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ ಕೂತಿವೆ. ಎರಡೂ ಸೇರಿ ಮೂರೂವರೆ ಯೂನಿಟ್ ಹಿಡಿಯುತ್ತವೆ. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತವೆ. ಬಾವಿ ನೀರು ಆಗಲ್ಲ, ಡಿಸ್ಟಿಲ್ಡ್ ವಾಟರೇ ಬೇಕು. ಈ ಮನೆಯಲ್ಲಿ ಇಷ್ಟು ಉಪಚಾರ ಅಳಿಯನಿಗೂ ಸಿಕ್ಕಿಲ್ಲ. ಅತ್ತೆ ಈಗ ಇನ್ವರ್ಟರಿನ ಹಸಿರು ದೀಪ ನೋಡಿಯೇ ಮಿಕ್ಸಿಗೆ ಕೈ ಹಾಕೋದು. ಬಿಸಿಲು ಏರುವ ಮೊದಲು ಚಟ್ನಿ ಬೇಕು ಅಂದವರಿಗೆ ಒರಳುಕಲ್ಲು ತೋರಿಸುತ್ತಾರೆ. ಚಟ್ನಿ ಬೀಸಿದ ದಿನ ರಾತ್ರಿ ಸೀರಿಯಲ್ ಅರ್ಧಕ್ಕೆ ನಿಂತರೆ, ವಿಲನ್‌ಗೆ ಬೀಳಬೇಕಾದ ಶಾಪ ಸೊಸೆಗೆ ಬೀಳುತ್ತದೆ. ಆಷಾಢದ ಮಳೆಯಲ್ಲಂತೂ ಕೇಳಲೇಬೇಡಿ. ಸೂರ್ಯನೇ ರಜೆ ಮೇಲೆ. ಮಳೆ ಬಿಟ್ಟು ಬಿಸಿಲು ಬಂತು ಅಂದುಕೊಂಡರೆ ಪ್ಯಾನೆಲ್ ಮೇಲೆ ಪಾಚಿ. ತೊಳೆದು ಇಳಿದರೆ ಅಡಿಕೆ ಸೋಗೆಯ ನೆರಳು. ಒಂದು ಸೋಗೆ ನೆರಳು ಸಾಕು, ಕರೆಂಟು ಪಾತಾಳಕ್ಕೆ. ಮಂಗಗಳಿಗೆ ಹೊಸ ಜಾರುಬಂಡಿ ಸಿಕ್ಕಿದೆ, ಅವಕ್ಕೆ ಮಾತ್ರ ಯಾರೂ ನಂಬರ್ ಕೇಳಿಲ್ಲ.

ನಗುತ್ತಾ ಬರೆಯೋಣ ಅಂತ ಕೂತಿದ್ದೆ. ಆಗ್ತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಯಿತು. ಈ ಜನರ ಅಜ್ಜಂದಿರ ಗದ್ದೆ, ತೋಟ, ಮನೆ ನೀರಿನಡಿ ಹೋದವು. ಆ ನೀರಿನಿಂದ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್ ತೆಗೆಯುತ್ತದೆ. ದೊಡ್ಡ ತಂತಿಗಳು ಇದೇ ಜಿಲ್ಲೆ ದಾಟಿಕೊಂಡೇ ಹೋಗುತ್ತವೆ. ಈಗ ಅದೇ ಕಣಿವೆಗೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಬೇಕಂತೆ. ಕರೆಂಟ್ ಜಾಸ್ತಿ ಇದ್ದಾಗ ನೀರು ಮೇಲಕ್ಕೆತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಅದೂ ಬ್ಯಾಟರಿಯೇ ಸ್ವಾಮಿ, ಸಾವಿರಾರು ಕೋಟಿಯ ಬ್ಯಾಟರಿ! ಮನೆಗೊಂದು ಕಂಬ ನೆಡಲು ಅಡ್ಡ ಬರುವ ಕಾಡು ಇದಕ್ಕೆ ಅಡ್ಡ ಬರಬಾರದು. ಜಗಲಿ ಮೇಲಿನ ಎರಡು ಬ್ಯಾಟರಿಗೆ ಮಾತ್ರ ಒಂದು ಪೈಸೆ ಇಲ್ಲ, ಮೇಲಿಂದ ತೆರಿಗೆ. ಅರವತ್ತು ವರ್ಷ ಆಯ್ತು. ಇನ್ನೆಷ್ಟು ಅರ್ಜಿ ಬರೆಯೋದು?

ಅರ್ಜಿಯಲ್ಲಿ ಒಂದು ಚೌಕ ಹೆಚ್ಚಿಗೆ ಇಡ್ರಪ್ಪಾ. ‘ನಮ್ಮನೆಗೆ ಕರೆಂಟೇ ಇಲ್ಲ’ ಅಂತ ಟಿಕ್ ಹಾಕೋಕೆ. ಅವರಿಗೂ ಅದೇ 78 ಸಾವಿರ ಕೊಡಿ, ಬ್ಯಾಟರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜನ ಸುಳ್ಳು ಹೇಳ್ತಾರೆ ಅನ್ನೋ ಅನುಮಾನ ಇದ್ದರೆ ಭಾವನ ಪಕ್ಕದ ಮನೆಗೆ ಬನ್ನಿ. ಅವರಿಗೆ ಲಕ್ಷ ರೂಪಾಯಿ ಹುಟ್ಟಿಲ್ಲ. ಸಂಜೆ ಏಳರ ಮೇಲೆ ಬನ್ನಿ, ಟಾರ್ಚ್ ನೀವೇ ತನ್ನಿ.