ಹತ್ತು ಕಿಲೋಮೀಟರ್ ಬಿಡಿ, ಹನ್ನೆರಡು ಅಡಿ ನೋಡಿ

ಕಲಬುರಗಿಯಲ್ಲಿ ಬೇಸಿಗೆ ಬಂತೆಂದರೆ ರಾತ್ರಿ ಮಾಳಿಗೆ ತುಂಬ ಹಾಸಿಗೆ. ಹಿಂದೆಯೇ ಮಾಳಿಗೆಯಿಂದ ಬಿದ್ದವರ ಸುದ್ದಿಯೂ ಬರುತ್ತದೆ. ನಿದ್ದೆಗಣ್ಣಲ್ಲಿ ಎದ್ದು ಹೋದವರು, ಗಾಳಿಪಟ ನೋಡುತ್ತಾ ಹಿಂದೆ ಸರಿದ ಮಕ್ಕಳು. ಆಗ ಯಾರಾದರೊಬ್ಬರು ವಿಮಾನದಿಂದ ಬಿದ್ದು ಬದುಕಿದ ಹೆಣ್ಣುಮಗಳ ಕಥೆ ವಾಟ್ಸಾಪ್‌ಗೆ ಹಾಕುತ್ತಾರೆ. "ಆಯುಷ್ಯ ಗಟ್ಟಿ ಇದ್ರ ಏನೂ ಆಗಂಗಿಲ್ಲ ನೋಡ್ರಿ!"

ಕಥೆ ನಿಜ. ವೆಸ್ನಾ ವುಲೋವಿಚ್, ಯುಗೊಸ್ಲಾವಿಯಾದ ಗಗನಸಖಿ. 1972ರ ಜನವರಿ 26ರಂದು ಚೆಕೊಸ್ಲೊವಾಕಿಯಾದ ಮೇಲೆ ಹಾರುವಾಗ ವಿಮಾನ ಚೂರಾಯಿತು. 27 ಜನ ಸತ್ತರು. 10,160 ಮೀಟರ್ ಎತ್ತರದಿಂದ ಬಿದ್ದ ಈಕೆ ಒಬ್ಬರೇ ಉಳಿದರು. ಆದರೆ ಫಾರ್ವರ್ಡ್ ಮಾಡುವವರು ಅರ್ಧ ಕಥೆ ನುಂಗಿರುತ್ತಾರೆ. ಆಕೆ ಬಿದ್ದದ್ದು ವಿಮಾನದ ಒಂದು ತುಂಡಿನೊಳಗೆ ಸಿಕ್ಕಿಕೊಂಡು. ಆ ತುಂಡು ಮರ, ಹಿಮ ತುಂಬಿದ ಇಳಿಜಾರಿಗೆ ಬಿತ್ತು. ತಲೆಬುರುಡೆ, ಬೆನ್ನುಮೂಳೆ, ಕಾಲು ಎಲ್ಲ ಮುರಿದಿದ್ದವು. ಕೂಗು ಕೇಳಿ ಬಂದ ಹಳ್ಳಿಗ ಬ್ರೂನೊ ಹೊಂಕೆ ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡಿದ್ದವರು. ಸಹಾಯ ಬರುವ ತನಕ ಜೀವ ಹಿಡಿದಿಟ್ಟವರು ಅವರು. ನನಗಂತೂ ಈ ಕಥೆಯ ಹೀರೊ ಅವರೇ.

ಗಾಳಿ ತಡೆಯುವುದರಿಂದ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 200 ಕಿ.ಮೀ. ಮುಟ್ಟಿದ ಮೇಲೆ ಜಾಸ್ತಿ ಏರುವುದಿಲ್ಲ. ಆಮೇಲೆ ಒಂದು ಕಿಲೋಮೀಟರ್ ಆದರೇನು, ಹತ್ತಾದರೇನು? ನೆಲ ಎಷ್ಟು ಮೆಲ್ಲಗೆ ನಿಲ್ಲಿಸುತ್ತದೆ ಅನ್ನುವುದೇ ಲೆಕ್ಕ. 1944ರಲ್ಲಿ ಬ್ರಿಟನ್ನಿನ ವಾಯುಪಡೆಯ ನಿಕೋಲಸ್ ಆಲ್ಕಮೇಡ್ ಪ್ಯಾರಾಚೂಟ್ ಇಲ್ಲದೆ 18,000 ಅಡಿಯಿಂದ ಹಾರಿದರು. ಪೈನ್ ಕೊಂಬೆಗಳು, ಹಿಮ ತಡೆದವು. ಕಾಲು ಉಳುಕಿತು, ಅಷ್ಟೇ.

ನಮ್ಮ ಅಂಗಳದಲ್ಲಿರುವುದು ಹಿಮವಲ್ಲ, ಶಹಾಬಾದ್ ಫರ್ಸಿ, ಅಂದರೆ ಗಟ್ಟಿ ಕಲ್ಲಿನ ಹಾಸು. ಹನ್ನೆರಡು ಅಡಿಯಿಂದ ಬಿದ್ದರೂ ಅದಕ್ಕೆ ತಾಗುವಾಗ ಗಂಟೆಗೆ 30 ಕಿ.ಮೀ. ವೇಗ ಇರುತ್ತದೆ. ತಲೆ ಮೊದಲು ಬಡಿದರೆ ಅಷ್ಟು ಸಾಕು.

ನನಗೆ ಸಿಟ್ಟು ಬರುವುದು ಇಲ್ಲೇ. ಮನೆಯ ಮುಂದೆ ಗ್ರಾನೈಟ್ ಹಾಕಿಸಲು ದುಡ್ಡಿರುತ್ತದೆ. ಮಾಳಿಗೆಯ ಅಂಚಿಗೆ ಪ್ಯಾರಪೆಟ್ ಗೋಡೆ ಅಂದರೆ "ಮ್ಯಾಲಿನ ಮನಿ ಕಟ್ಟುವಾಗ ನೋಡೋಣ್ರಿ". ಸೆಂಟ್ರಿಂಗ್ ಕೆಲಸದವರಿಗೆ ಬೀಳದಂತೆ ಕಟ್ಟುವ ಬೆಲ್ಟ್ ಕೇಳಿದರೆ ಮೇಸ್ತ್ರಿ ನಗುತ್ತಾರೆ. ಬೆಂಗಳೂರು, ಪುಣೆಗೆ ಗಾರೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರೂ ಇದನ್ನೇ ಕಲಿತು ಹೋಗುತ್ತಾರೆ. ಬಿದ್ದರೆ ಹಣೆಬರಹ!

ಇನ್ನೊಂದು ಮಾತು. ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಚಿ ಕೂರಿಸಬೇಡಿ. ಮುರಿದ ಬೆನ್ನುಮೂಳೆ ಅಲ್ಲಾಡಿದರೆ ನರಕ್ಕೆ ಪೆಟ್ಟಾಗಿ ಕೈಕಾಲಿನ ಸ್ವಾಧೀನವೇ ಹೋಗಬಹುದು. 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವ ತನಕ ತಲೆ, ಕುತ್ತಿಗೆ ಅಲುಗದಂತೆ ಹಿಡಿದುಕೊಳ್ಳಿ. ನೀರು ಕುಡಿಸಬೇಡಿ. ಪ್ಯಾರಪೆಟ್‌ಗೆ ಈ ವರ್ಷ ದುಡ್ಡಿಲ್ಲ ಅಂದರೆ, ಮಕ್ಕಳ ಹಾಸಿಗೆಯನ್ನಾದರೂ ಮಾಳಿಗೆಯ ನಡುವೆ ಹಾಕಿ.