ಮೀಟರ್ ಆಮೇಲೆ, ಮೊದಲು ಕಾರಿನ ಅಡಿ ನೋಡಿ

ಮೊದಲ ಕಾರಿಗೆ ಹತ್ತು ವರ್ಷದ ಹಳೆ ಗಾಡಿ ಸಾಕು, ಕಿಲೋಮೀಟರ್ ಕಡಿಮೆ ಓಡಿದ್ದರೆ ಆಯ್ತು ಅಂತ ಬರೆದಿದ್ದೀರಿ. ಹಳೆ ಗಾಡಿ ಸರಿ. ಆದರೆ ಕಿಲೋಮೀಟರ್ ಲೆಕ್ಕ ನಮ್ಮ ಕಾರವಾರದಲ್ಲಿ ನಡೆಯುವುದಿಲ್ಲ. ನಾನು ತಗೊಂಡ ಕಾರು ಓಡಿದ್ದು ಬರೀ 32,000 ಕಿ.ಮೀ. ಎಂಟು ಮಳೆಗಾಲ ಕಡಲ ಪಕ್ಕದ ಅಂಗಳದಲ್ಲಿ ಸುಮ್ನೆ ನಿಂತಿತ್ತು. ಉಪ್ಪುಗಾಳಿಗೆ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದು, ಬೆರಳಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಮೇಲೆ ಹೊಸ ಪೇಂಟ್ ಇತ್ತಲ್ಲ, ಗೊತ್ತೇ ಆಗಲಿಲ್ಲ. ಇಂಜಿನ್ ರಿಪೇರಿ ಮಾಡಿಸಬಹುದು, ತುಕ್ಕು ತಿಂದ ಬಾಡಿಯನ್ನು ಏನು ಮಾಡ್ತೀರಿ? ದಯವಿಟ್ಟು ಗಾಡಿಯನ್ನು ಗ್ಯಾರೇಜಿನ ಲಿಫ್ಟ್‌ಗೆ ಹಾಕಿಸಿ ಅಡಿ ನೋಡಿ, ಸ್ಟೆಪ್ನಿ ಇಡುವ ಜಾಗದ ಮ್ಯಾಟ್ ಎತ್ತಿ ನೋಡಿ. ಇಂಥ ಗಾಡಿಗಿಂತ ಕಡಲಿಂದ ದೂರದ ಶಿರಸಿ ಕಡೆ ದಿನಾ ಓಡಿದ 80,000 ಕಿ.ಮೀ. ಗಾಡಿಯೇ ವಾಸಿ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಒಮ್ಮೆ ಹತ್ತಿಸಿದರೆ ಕ್ಲಚ್ ಹೇಗಿದೆ ಅಂತ ಗೊತ್ತಾಗುತ್ತದೆ.